ಕಿರ್ಗಿಸ್ತಾನದ ಬೈಕ್ ಪ್ರವಾಸಕ್ಕೆ ಯಾದಗಿರಿಯಲ್ಲೇ ತಯಾರಿ

ವಿದೇಶದಲ್ಲಿ ಗೈಡ್ ಜೊತೆ ಬೈಕ್ ಪ್ರವಾಸ ಹೋಗುವುದು ಹೇಗೆ ಎಂದು ಕೇಳಿ ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಹೆಚ್ಚಿನವರು ಹೊರಟಿರುವುದು ಮಧ್ಯ ಏಷ್ಯಾದ ಕಿರ್ಗಿಸ್ತಾನಕ್ಕೆ. ಕಲಬುರಗಿಯಲ್ಲಿ ಬೈಕ್ ಓಡಿಸುವುದನ್ನು ಕಲಿಸುವುದು ನನ್ನ ಕೆಲಸ. ಆ ದೇಶಕ್ಕೆ ಹೋಗುವ ಭಾರತೀಯ ತಂಡಗಳಲ್ಲಿ ಎಲ್ಲರಿಗಿಂತ ಕೊನೆಯ ಬೈಕ್ ಓಡಿಸುವ ಹೊಣೆಯೂ ನನ್ನದು. ಯಾರು ಎಲ್ಲಿ ಬಿದ್ದರು, ಯಾರಿಗೆ ಎಲ್ಲಿ ಉಸಿರು ಕಟ್ಟಿತು ಎಂಬುದು ಕೊನೆಯ ಬೈಕಿನವರಿಗೆ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕ, ನಾನು ಯಾದಗಿರಿಯಲ್ಲಿ ಬ್ಯಾಂಕ್ ಉದ್ಯೋಗಿ, ವಯಸ್ಸು 46. ಮುಂದಿನ ಆಗಸ್ಟ್‌ನಲ್ಲಿ ಕಿರ್ಗಿಸ್ತಾನದಲ್ಲಿ ಹತ್ತು ದಿನದ ಪ್ರವಾಸಕ್ಕೆ ಮುಂಗಡ ಕಟ್ಟಿದ್ದೇನೆ. ಬೈಕ್ ಪ್ರವಾಸದ ಕಂಪನಿಯವರದೇ. ಮುಂದೆ ಗೈಡ್, ಹಿಂದೆ ಮೆಕ್ಯಾನಿಕ್ ಇರುವ ಗಾಡಿ. ಇಪ್ಪತ್ತು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಒಳ್ಳೆಯ ಜಾಕೆಟ್, ಬೂಟು ಕೊಂಡರೆ ಸಾಕಲ್ಲವೇ?

ಸಾಲದು, ತಮ್ಮ. ದಾರಿ ತೋರಿಸುವುದು, ಪೆಟ್ರೋಲ್ ಬಂಕ್ ಎಲ್ಲಿದೆ ಎಂದು ನೆನಪಿಡುವುದು, ರಾತ್ರಿ ತಂಗಲು ಯರ್ಟ್ (ಅಲ್ಲಿನ ಕುರಿಗಾಹಿಗಳ ದುಂಡನೆಯ ಡೇರೆ) ಗೊತ್ತು ಮಾಡುವುದು, ಪಂಕ್ಚರ್ ತೆಗೆಯುವುದು, ಪೊಲೀಸರ ಜೊತೆ ರಷ್ಯನ್ ಭಾಷೆಯಲ್ಲಿ ಮಾತನಾಡುವುದು ಎಲ್ಲವನ್ನೂ ಗೈಡ್ ನೋಡಿಕೊಳ್ಳುತ್ತಾರೆ. ನಿಮ್ಮ ಬೈಕನ್ನು ನಿಮ್ಮ ಬದಲು ಓಡಿಸಲು ಮಾತ್ರ ಅವರಿಂದ ಆಗದು. ಗೈಡ್ ಇದ್ದಾರೆಂಬ ಧೈರ್ಯದಲ್ಲಿ ತಯಾರಿಯನ್ನೇ ಬಿಟ್ಟು ಬಂದವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಬಂದವರು ಮೂರನೇ ದಿನಕ್ಕೆ ಮಣಿಕಟ್ಟು ಊದಿಸಿಕೊಂಡು ಹಿಂದಿನ ಗಾಡಿಯಲ್ಲಿ ಕುಳಿತು ಕಿಟಕಿಯಿಂದ ಬೆಟ್ಟ ನೋಡುತ್ತಾರೆ.

ಇಪ್ಪತ್ತು ವರ್ಷದ ಅನುಭವ ಎಂದಿರಿ. ಅದು ಡಾಂಬರು ರಸ್ತೆಯ ಅನುಭವವೋ, ಜಲ್ಲಿ ರಸ್ತೆಯದೋ? ಹೊಸಬರು ಹೆದರಿಕೆಯಿಂದ ನಿಧಾನವಾಗಿ ಬರುತ್ತಾರೆ, ಅಷ್ಟಾಗಿ ಬೀಳುವುದಿಲ್ಲ. ಡಾಂಬರಿನ ಮೇಲೆ ಕೈ ಪಳಗಿದವರು ಜಲ್ಲಿಯಲ್ಲೂ ಅದೇ ಕೈ ಬಳಸುತ್ತಾರೆ. ತಿರುವಿನಲ್ಲಿ ಮುಂದಿನ ಬ್ರೇಕ್ ಅದುಮಿದ ಕೂಡಲೇ ಚಕ್ರ ಜಾರಿ ಬೈಕ್ ಮಲಗುತ್ತದೆ. ಕಿರ್ಗಿಸ್ತಾನದಲ್ಲಿ ನೋಡಬೇಕಾದ ಜಾಗಗಳೆಲ್ಲ ಇರುವುದು ಇಂಥ ದಾರಿಗಳ ತುದಿಯಲ್ಲೇ. ರಾಜಧಾನಿ ಬಿಶ್ಕೆಕ್ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಸೋನ್‌ಕುಲ್ ಸರೋವರ ಇರುವುದು 3,016 ಮೀಟರ್‌ನಲ್ಲಿ. ಅಲ್ಲಿಗೆ ಹತ್ತುವ ದಾರಿ ಮಣ್ಣು, ಜಲ್ಲಿ, ಒಂದರ ಮೇಲೊಂದು ಹಿಮ್ಮುರಿ ತಿರುವುಗಳು. ನಿಮ್ಮ ಕಂಪನಿ ತೋಸೋರ್ ಘಟ್ಟವನ್ನೂ ಸೇರಿಸಿದ್ದರೆ ಅದು 3,893 ಮೀಟರ್.

ಇದಕ್ಕೆ ಬೇಕಾದ ಶಾಲೆ ನಿಮ್ಮ ಊರಿನ ಸುತ್ತಲೇ ಇದೆ. ಹಳ್ಳಿಯಿಂದ ಹೊಲಕ್ಕೆ ಹೋಗುವ ಮೊರಂ ರಸ್ತೆಗಳಿವೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಹಾಸುಗಲ್ಲಿನ ಚೂರು ಹರಡಿದ, ಲಾರಿಗಳು ಧೂಳೆಬ್ಬಿಸುವ ದಾರಿಗಳಿವೆ. ವಾರಕ್ಕೊಮ್ಮೆ ಬೆಳಗ್ಗೆ ಒಂದೆರಡು ಗಂಟೆ ಅಲ್ಲಿ ಓಡಿಸಿ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಓಡಿಸುವುದನ್ನು ಮೊದಲು ಕಲಿಯಿರಿ. ಮೊಣಕಾಲು ಟ್ಯಾಂಕನ್ನು ಒತ್ತಿರಲಿ, ಮೊಣಕೈ ಸ್ವಲ್ಪ ಮಡಚಿರಲಿ, ಹ್ಯಾಂಡಲ್ ಮೇಲಿನ ಹಿಡಿತ ಸಡಿಲವಾಗಿರಲಿ. ಜಲ್ಲಿಯಲ್ಲಿ ಮುಂದಿನ ಚಕ್ರ ಆಚೀಚೆ ಅಲುಗಾಡುವುದು ಸಹಜ. ಅದನ್ನು ಬಿಗಿಯಾಗಿ ಹಿಡಿದು ಸರಿಪಡಿಸಲು ಹೋದಾಗಲೇ ಬೀಳುವುದು. ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲಲ್ಲ, ದೂರದ ದಾರಿಯ ಮೇಲಿರಬೇಕು. ವೇಗವನ್ನು ತಿರುವಿಗೆ ಮುಂಚೆಯೇ ಗೇರ್ ಇಳಿಸಿ ಕಡಿಮೆ ಮಾಡಿಕೊಳ್ಳಿ. ಮಳೆ ಬಿದ್ದ ಎರೆಭೂಮಿಯಲ್ಲಿ ಮಾತ್ರ ಅಭ್ಯಾಸ ಬೇಡ. ಮಣ್ಣು ಟೈರು, ಮಡ್‌ಗಾರ್ಡ್ ನಡುವೆ ತುಂಬಿಕೊಂಡು ಚಕ್ರವೇ ತಿರುಗುವುದಿಲ್ಲ, ಕಲಿಯುವುದೂ ಏನಿಲ್ಲ.

ಬಿದ್ದ ಬೈಕನ್ನು ಎತ್ತುವುದನ್ನೂ ಇಲ್ಲೇ ಕಲಿತು ಹೋಗಿ. ಅಲ್ಲಿ ಕೊಡುವ ಬೈಕುಗಳು ಹೆಚ್ಚುಕಡಿಮೆ 200 ಕಿಲೊ ತೂಗುತ್ತವೆ. ಮೊದಲು ಎಂಜಿನ್ ಆರಿಸಿ. ಬೈಕ್ ಗೇರಿನಲ್ಲೇ ಇರಲಿ, ಇಲ್ಲದಿದ್ದರೆ ಎತ್ತುವಾಗ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ. ಇದನ್ನು ಮರೆತವರು ಬೈಕನ್ನು ಎತ್ತಿ ಆಚೆ ಬದಿಗೆ ಬೀಳಿಸುತ್ತಾರೆ. ನೆಲಕ್ಕೆ ತಾಗಿದ ಕಡೆಗೆ ಹ್ಯಾಂಡಲನ್ನು ಪೂರ್ತಿ ತಿರುಗಿಸಿ. ಬೈಕಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ತಾಗುವಂತೆ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ಒಂದು ಕೈ ಕೆಳಗಿನ ಹಿಡಿಯ ಮೇಲೆ, ಇನ್ನೊಂದು ಸೀಟಿನ ಹಿಂದಿನ ಕಂಬಿಯ ಮೇಲೆ. ಈಗ ಬೆನ್ನು ನೆಟ್ಟಗಿಟ್ಟು, ತೊಡೆಯ ಬಲದಿಂದ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ಸರಿಯುತ್ತಾ ಹೋದರೆ ಬೈಕ್ ತಾನಾಗಿ ಏಳುತ್ತದೆ. ನನ್ನ ಬಳಿ ಕಲಿಯುವ ತೆಳ್ಳಗಿನ ಹುಡುಗಿಯರೂ ಹೀಗೆ ಎತ್ತುತ್ತಾರೆ. ಸೊಂಟ ಬಗ್ಗಿಸಿ ತೋಳಿನಿಂದ ಎತ್ತಲು ಹೋದ ಗಟ್ಟಿಮುಟ್ಟಾದ ಗಂಡಸರು ಬೆನ್ನು ಹಿಡಿದುಕೊಂಡು ಕೂರುತ್ತಾರೆ. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಒಮ್ಮೆ ಎತ್ತಿದರೆ ಏದುಸಿರು ಬರುತ್ತದೆ. 3,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 70 ಶೇಕಡ ಮಾತ್ರ.

ಯಾದಗಿರಿಯ ಬೆಟ್ಟದ ಕೋಟೆ ನಿಮ್ಮ ಮನೆಯ ಪಕ್ಕದಲ್ಲೇ ಇರುವಾಗ ಜಿಮ್‌ಗೆ ದುಡ್ಡು ಹಾಕುವುದು ಯಾಕೆ? ಈಗಿನಿಂದಲೇ ವಾರಕ್ಕೆ ಮೂರ್ನಾಲ್ಕು ಬಾರಿ ಮೆಟ್ಟಿಲು ಹತ್ತಿ ಇಳಿಯಿರಿ. ನಿಂತು ಓಡಿಸಲು ಬೇಕಾದ ತೊಡೆ ಬರುತ್ತದೆ.

ಜಾಕೆಟ್, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತದಂತೆ. ಇಲ್ಲಿಂದ ಹೊತ್ತುಕೊಂಡು ಹೋಗಬೇಕೇ? — ಔಷಧ ಅಂಗಡಿ ಮಾಲೀಕರು, ಕಲಬುರಗಿ

ಹೆಲ್ಮೆಟ್, ಬೂಟು, ಕೈಗವಸು ನಿಮ್ಮವೇ ಆಗಿರಲಿ. ಉಳಿದದ್ದು ಬಾಡಿಗೆಯದಾದರೂ ಅಡ್ಡಿಯಿಲ್ಲ. ಬಾಡಿಗೆ ಹೆಲ್ಮೆಟ್ ಹಿಂದೆ ಎಷ್ಟು ಸಲ ಕೆಳಗೆ ಬಿದ್ದಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಹೊಸದನ್ನು ಕೊಂಡರೆ ಹೊರಡುವ ಕೆಲವು ವಾರ ಮುಂಚೆಯೇ ಕೊಂಡು ಹಾಕಿಕೊಂಡು ಓಡಾಡಿ. ಕೆನ್ನೆಯ ಮೆತ್ತೆ ನಿಮ್ಮ ಮುಖಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಬೂಟು ಕೂಡ ಹಾಗೆಯೇ.

ನಮ್ಮ ಕಡೆ ಮಾರುವ ಜಾಕೆಟ್‌ಗಳು ಗಾಳಿಯಾಡಲೆಂದು ಬಲೆಯ ಬಟ್ಟೆಯಿಂದ ಮಾಡಿದವು. ಕಲಬುರಗಿಯ ಮೇ ತಿಂಗಳಿಗೆ ಅದೇ ಸರಿ. ಸೋನ್‌ಕುಲ್ ದಡದಲ್ಲಿ ಆಗಸ್ಟ್‌ನಲ್ಲೂ ಬೆಳಗ್ಗೆ ಹಿಮ ಬಿದ್ದಿರಬಹುದು. ಎತ್ತರ 1,000 ಮೀಟರ್ ಏರಿದಂತೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಅದರ ಮೇಲೆ ಬೈಕಿನ ಗಾಳಿ. ಥರ್ಮಾಮೀಟರ್ 5 ಡಿಗ್ರಿ ತೋರಿಸುವಾಗ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ತೆರೆದ ಚರ್ಮಕ್ಕೆ ಸೊನ್ನೆಗಿಂತ 2 ಡಿಗ್ರಿ ಕೆಳಗಿದ್ದಂತೆ ಅನಿಸುತ್ತದೆ. ಮೊದಲು ಮರಗಟ್ಟುವುದು ಬೆರಳು. ಬೆರಳು ಮರಗಟ್ಟಿದರೆ ಬ್ರೇಕ್, ಕ್ಲಚ್ ಎರಡೂ ನಿಮ್ಮ ಮಾತು ಕೇಳುವುದಿಲ್ಲ. ಒಂದು ದಪ್ಪ ಜಾಕೆಟ್ ಬದಲು ಒಳಗೆ ಥರ್ಮಲ್, ನಡುವೆ ಉಣ್ಣೆ ಅಥವಾ ಫ್ಲೀಸ್, ಮೇಲೆ ಬೈಕ್ ಜಾಕೆಟ್, ಎಲ್ಲಕ್ಕಿಂತ ಹೊರಗೆ ಮಳೆಯಂಗಿ ಎಂದು ಪದರಗಳಲ್ಲಿ ಹೊಂದಿಸಿ. ಮಧ್ಯಾಹ್ನ ಕಣಿವೆಗೆ ಇಳಿದಾಗ ಸೆಕೆಯಾಗುತ್ತದೆ, ಒಂದೊಂದೇ ಕಳಚಬಹುದು. ಕೈಗವಸು ಎರಡು ಜೊತೆ ಬೇಕು, ಒಂದು ನೆನೆದರೆ ಇನ್ನೊಂದು.

ಲೈಸೆನ್ಸ್, ವಿಮೆ ಬಗ್ಗೆ ತಿಳಿಸಿ. ಏಜೆಂಟರೊಬ್ಬರು 'ಯಾರೂ ಕೇಳುವುದಿಲ್ಲ, ಚಿಂತೆ ಬೇಡ' ಎನ್ನುತ್ತಿದ್ದಾರೆ. — ಕಾಲೇಜು ಉಪನ್ಯಾಸಕರು, ಕಲಬುರಗಿ

ಹಾಗೆ ಹೇಳುವ ಏಜೆಂಟರ ಕೈಗೆ ಹಣ ಕೊಡಬೇಡಿ. ದಾರಿಯಲ್ಲಿ ಪೊಲೀಸರು ಕೇಳದೆ ಇರಬಹುದು. ಕಾಲು ಮುರಿದ ದಿನ ವಿಮಾ ಕಂಪನಿ ಕೇಳಿಯೇ ಕೇಳುತ್ತದೆ.

ನಿಮ್ಮ ಲೈಸೆನ್ಸ್ ತೆಗೆದು ಅದರಲ್ಲಿ ಗೇರ್ ಇರುವ ಮೋಟಾರ್‌ಸೈಕಲ್ ನಮೂದಾಗಿದೆಯೇ ನೋಡಿ. ಕಾರು ಮತ್ತು ಗೇರಿಲ್ಲದ ಸ್ಕೂಟರ್ ಮಾತ್ರ ನಮೂದಾಗಿರುವ ಲೈಸೆನ್ಸ್ ಇಟ್ಟುಕೊಂಡು ವರ್ಷಗಟ್ಟಲೆ ಬೈಕ್ ಓಡಿಸುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನಂತರ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ನಿಮ್ಮ ಸಾರಿಗೆ ಕಚೇರಿಯಲ್ಲಿ 4ಎ ನಮೂನೆ ತುಂಬಿ, ಲೈಸೆನ್ಸ್ ಮತ್ತು ಪಾಸ್‌ಪೋರ್ಟ್ ಜೊತೆಗೆ ಅರ್ಜಿ ಕೊಡಬೇಕು. ಪರಿವಾಹನ್ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಅದರ ಅವಧಿ ಒಂದು ವರ್ಷ. ಆದ್ದರಿಂದ ತೀರಾ ಮುಂಚೆ ಮಾಡಿಸಬೇಡಿ, ಕೊನೆಯ ವಾರಕ್ಕೂ ಬಿಡಬೇಡಿ. ಭಾರತ ಕೊಡುವ ಪರವಾನಗಿ ರಸ್ತೆ ಸಂಚಾರದ ಬಗೆಗಿನ 1949ರ ಜಿನೀವಾ ಒಪ್ಪಂದಕ್ಕೆ ಸೇರಿದ್ದು. ನೀವು ಹೋಗುವ ದೇಶ ಆ ಒಪ್ಪಂದದ ಪರವಾನಗಿಯನ್ನು ಮಾನ್ಯ ಮಾಡುತ್ತದೆಯೇ ಎಂದು ಪ್ರವಾಸದ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಮೂಲ ಲೈಸೆನ್ಸ್ ಕೂಡ ಜೊತೆಗಿರಲಿ, ಅದಿಲ್ಲದೆ ಈ ಅಂತರರಾಷ್ಟ್ರೀಯ ಪರವಾನಗಿಯ ಪುಸ್ತಿಕೆಗೆ ಬೆಲೆಯಿಲ್ಲ.

ವಿಮೆಯ ಪಾಲಿಸಿಯಲ್ಲಿ ಓದಬೇಕಾದದ್ದು 'ಇದಕ್ಕೆ ಪರಿಹಾರವಿಲ್ಲ' ಎಂಬ ಪುಟ. ಹಲವು ಪ್ರವಾಸ ವಿಮೆಗಳು ಬೈಕ್ ಓಡಿಸುವುದನ್ನು ಹೊರಗಿಡುತ್ತವೆ, ಅಥವಾ ಎಂಜಿನ್ ಗಾತ್ರಕ್ಕೆ ಮಿತಿ ಹಾಕುತ್ತವೆ. ಎತ್ತರದ ಮಿತಿಯೂ ಇರಬಹುದು. ಬೆಟ್ಟದಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚ, ಅಗತ್ಯವಿದ್ದರೆ ಹೆಲಿಕಾಪ್ಟರ್ ವೆಚ್ಚ ಸೇರಿದೆಯೇ ಕೇಳಿ. ಇನ್ನು ಬೈಕಿಗೆ ನೀವು ಕಟ್ಟುವ ಠೇವಣಿ ಬೇರೆಯೇ ವಿಷಯ. ಬೈಕ್ ಪಡೆಯುವಾಗ ಗೀರು, ತಗ್ಗು ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ಕಿರ್ಗಿಸ್ತಾನದಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸುವುದನ್ನು ನೆನೆದರೆ ಕೈ ನಡುಗುತ್ತದೆ. ಅಭ್ಯಾಸ ಮಾಡಿಕೊಳ್ಳುವುದು ಹೇಗೆ? — ಗೃಹಿಣಿ, ಸೇಡಂ

ತಂಗಿ, ನಿಮ್ಮ ಹೆದರಿಕೆ ಒಳ್ಳೆಯದೇ, ಮೊದಲ ದಿನ ಅದೇ ನಿಮ್ಮನ್ನು ಕಾಪಾಡುತ್ತದೆ. ವಾಹನ ತುಂಬಿದ ರಸ್ತೆಯಲ್ಲಿ ಯಾರೂ ತಪ್ಪುವುದಿಲ್ಲ, ಮುಂದಿನ ಗಾಡಿಯನ್ನು ಹಿಂಬಾಲಿಸುತ್ತಾರೆ. ತಪ್ಪುವುದು ಖಾಲಿ ರಸ್ತೆಯಲ್ಲಿ. ಚಹಾ ಕುಡಿದು ಹೊರಟಾಗ, ಪೆಟ್ರೋಲ್ ಬಂಕ್‌ನಿಂದ ಹೊರಬಂದಾಗ, ಫೋಟೊ ತೆಗೆಯಲು ನಿಲ್ಲಿಸಿ ಮತ್ತೆ ಹತ್ತಿದಾಗ ನಮ್ಮ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ನಾಲ್ಕನೇ ಐದನೇ ದಿನ, ರೂಢಿಯಾಯಿತು ಎಂದು ಅನಿಸಿದಾಗ ಇದು ಹೆಚ್ಚು. ಕೊನೆಯ ಬೈಕಿನಲ್ಲಿರುವ ನಾನು ಆ ದಿನಗಳಲ್ಲಿ ಹಾರ್ನ್ ಹೊಡೆಯುವುದು ಇದಕ್ಕಾಗಿಯೇ. ಹೊರಡುವ ಪ್ರತಿ ಸಲವೂ 'ಬಲಕ್ಕೆ' ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಟ್ಯಾಂಕ್ ಮೇಲೆ ಬಲಕ್ಕೆ ತೋರಿಸುವ ಬಾಣದ ಚೀಟಿ ಅಂಟಿಸಿ.

ಅಲ್ಲಿ ಬಲಕ್ಕೆ ತಿರುಗುವುದು ಸುಲಭ. ಎಡಕ್ಕೆ ತಿರುಗುವಾಗ ಎದುರಿನಿಂದ ಬರುವ ವಾಹನಗಳನ್ನು ಅಡ್ಡ ದಾಟಬೇಕು. ವೃತ್ತಗಳಲ್ಲಿ ಸುತ್ತುವುದು ನಮ್ಮ ಪದ್ಧತಿಗೆ ವಿರುದ್ಧ ದಿಕ್ಕಿನಲ್ಲಿ. ನಡೆದು ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ಇನ್ನೊಂದು ಎಚ್ಚರ. ಜಪಾನ್‌ನಿಂದ ತರಿಸಿದ, ಸ್ಟಿಯರಿಂಗ್ ಬಲಗಡೆ ಇರುವ ಹಳೆಯ ಕಾರುಗಳು ಅಲ್ಲಿ ಬಹಳ. ಅಂಥ ಕಾರಿನ ಚಾಲಕನಿಗೆ ಓವರ್‌ಟೇಕ್ ಮಾಡುವಾಗ ಎದುರಿನ ದಾರಿ ಸರಿಯಾಗಿ ಕಾಣುವುದಿಲ್ಲ, ಅವನು ಅರ್ಧ ಕಾರನ್ನು ನಿಮ್ಮ ದಾರಿಗೆ ತಂದು ಇಣುಕುತ್ತಾನೆ. ಆದ್ದರಿಂದ ನಡುಗೆರೆಗೆ ಅಂಟಿಕೊಂಡು ಓಡಿಸಬೇಡಿ.

ಇಲ್ಲಿನ ರಸ್ತೆಯಲ್ಲಿ ಬಲಬದಿಯ ಅಭ್ಯಾಸವನ್ನು ದಯವಿಟ್ಟು ಮಾಡಬೇಡಿ. ಖಾಲಿ ಮೈದಾನದಲ್ಲಿ ಸುಣ್ಣದ ಪುಡಿಯಿಂದ ರಸ್ತೆ, ಕೂಡುದಾರಿ, ವೃತ್ತ ಬರೆದು ಮನೆಯವರನ್ನು ಎದುರಿಗೆ ಸೈಕಲ್ ಮೇಲೆ ಬರಲು ಹೇಳಿ. ಎರಡು ಮೂರು ಭಾನುವಾರ ಸಾಕು.

ನಮ್ಮ ಮಗಳಿಗೆ 26 ವರ್ಷ. ಹೈದರಾಬಾದಿನಲ್ಲಿ ಕೆಲಸ. ಒಬ್ಬಳೇ ಇಂಥ ತಂಡದ ಜೊತೆ ಹೊರಟಿದ್ದಾಳೆ. ಬೇಡ ಎನ್ನಲು ಮನಸ್ಸಿಲ್ಲ, ಕಳಿಸಲು ಧೈರ್ಯವಿಲ್ಲ. ಕಂಪನಿಯವರನ್ನು ಏನು ಕೇಳಬೇಕು? — ತಾಯಿ, ಹುಮನಾಬಾದ್

ಅವ್ವ, ಬೇಡ ಎನ್ನಲು ಮನಸ್ಸಿಲ್ಲ ಎಂದಿರಲ್ಲ, ಆ ಮಾತಿಗೆ ನಿಮಗೆ ನನ್ನ ನಮಸ್ಕಾರ. ಒಬ್ಬ ಗೈಡ್‌ಗೆ ಎಷ್ಟು ಬೈಕ್ ಎಂದು ಮೊದಲು ಕೇಳಿ. ನನ್ನ ಲೆಕ್ಕದಲ್ಲಿ ಎಂಟಕ್ಕಿಂತ ಹೆಚ್ಚಾದರೆ ಇಬ್ಬರು ಬೇಕು. ಪ್ರಥಮ ಚಿಕಿತ್ಸೆಯ ತರಬೇತಿ ಯಾರಿಗಾಗಿದೆ? ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಸ್ಯಾಟಲೈಟ್ ಫೋನ್ ಇದೆಯೇ? ಯರ್ಟ್‌ನಲ್ಲಿ ಹೆಂಗಸರಿಗೆ ಬೇರೆ ಮಲಗುವ ವ್ಯವಸ್ಥೆ ಇದೆಯೇ? ತಂಡದಲ್ಲಿ ಬೇರೆ ಹೆಂಗಸರಿದ್ದಾರೆಯೇ? ಯರ್ಟ್‌ನ ಶೌಚಾಲಯ ಹೊರಗೆ ದೂರದಲ್ಲಿರುತ್ತದೆ, ಅವಳಿಗೊಂದು ತಲೆಗೆ ಕಟ್ಟುವ ಟಾರ್ಚ್ ಕೊಡಿಸಿ.

ಕೂಡುದಾರಿಯಲ್ಲಿ ಯಾರೂ ತಪ್ಪಿಹೋಗದಂತೆ ಏನು ಮಾಡುತ್ತಾರೆ ಎಂದೂ ಕೇಳಿ. ಒಳ್ಳೆಯ ತಂಡಗಳಲ್ಲಿ ಒಂದು ಪದ್ಧತಿ ಇದೆ. ದಾರಿ ಕವಲೊಡೆಯುವಲ್ಲಿ ಗೈಡ್ ತನ್ನ ಹಿಂದಿನ ಬೈಕನ್ನು ನಿಲ್ಲಿಸಿ ಮುಂದೆ ಹೋಗುತ್ತಾರೆ. ನಿಂತವರು ಉಳಿದವರಿಗೆಲ್ಲ ದಾರಿ ತೋರಿಸುತ್ತಾ, ಕೊನೆಯ ಬೈಕ್ ಬರುವವರೆಗೆ ಅಲ್ಲೇ ನಿಲ್ಲಬೇಕು. ಮಳೆ ಬಂದರೂ ಜಾಗ ಬಿಡುವಂತಿಲ್ಲ. ಇದಿದ್ದರೆ ಧೂಳಿನಲ್ಲಿ ಒಬ್ಬರ ಬಾಲ ಒಬ್ಬರು ಹಿಡಿದು ಓಡುವ ಗಡಿಬಿಡಿಯೇ ಇರುವುದಿಲ್ಲ, ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಬರಬಹುದು. ಈ ಪ್ರಶ್ನೆಗೆ ತಡವರಿಸುವ ಕಂಪನಿಯ ಜೊತೆ ನಿಮ್ಮ ಮಗಳನ್ನು ಕಳಿಸಬೇಡಿ. ಬಿಡಿಸಿ ಹೇಳಿದರೆ ನಿಶ್ಚಿಂತೆಯಿಂದ ಕಳಿಸಿ.

ನಾವು ಶಾಕಾಹಾರಿಗಳು. ಅಲ್ಲಿ ಉಪವಾಸವೇ ಗತಿಯೇ? — ವ್ಯಾಪಾರಿ, ಬಸವಕಲ್ಯಾಣ

ಉಪವಾಸ ಬೇಡ, ಆದರೆ ಬೆಟ್ಟದ ಮೇಲೆ ಕುರಿ, ಕುದುರೆ ಸಾಕಿ ಬದುಕುವವರ ಅಡುಗೆ ಅದು. ಸಾರು ಎಂದರೆ ಮಾಂಸದ ಸಾರೇ. ಆಲೂಗಡ್ಡೆ ಕಂಡರೂ ಅದು ಬೆಂದದ್ದು ಅದರಲ್ಲೇ ಇರಬಹುದು. ಯರ್ಟ್‌ನಲ್ಲಿ ರೊಟ್ಟಿ, ಬೋರ್ಸೋಕ್ ಎಂಬ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಣುಕು, ಕೆನೆ, ಹಣ್ಣಿನ ಜಾಮ್, ಟೊಮೆಟೊ, ಸೌತೆಕಾಯಿ, ಚಹಾ ಸಿಗುತ್ತವೆ. ಹೊಟ್ಟೆ ತುಂಬುತ್ತದೆ, ನಾಲ್ಕು ದಿನಕ್ಕೆ ನಾಲಿಗೆ ಕೆಡುತ್ತದೆ. ಅದಕ್ಕೆ ನಮ್ಮ ಖಡಕ್ ಜೋಳದ ರೊಟ್ಟಿಯಂಥ ಪ್ರಯಾಣದ ಊಟ ಪ್ರಪಂಚದಲ್ಲೇ ಇಲ್ಲ ಎಂದು ನಾನು ನಂಬಿದ್ದೇನೆ. ನೀರಿಲ್ಲ, ಕೆಡುವುದಿಲ್ಲ, ಹಗುರ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಅಲ್ಲಿನ ಮೊಸರು ಗಟ್ಟಿಯಾಗಿ ಚೆನ್ನಾಗಿರುತ್ತದೆ, ಹಿಂಡಿಗೆ ಕಲಸಿಕೊಳ್ಳಿ. ರೊಟ್ಟಿಯನ್ನು ಬೈಕಿನ ಚೀಲದಲ್ಲಿಟ್ಟರೆ ಮೊದಲ ಜಲ್ಲಿ ರಸ್ತೆಗೇ ನುಚ್ಚಾಗುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಹಿಂದಿನ ಗಾಡಿಯಲ್ಲಿಡಿ. ತಿನಿಸು ಒಯ್ಯಲು ಕಸ್ಟಮ್ಸ್ ನಿಯಮ ಏನೆಂದು ಹೊರಡುವ ಮುಂಚೆ ವಿಚಾರಿಸಿ.

ಕಿಮಿಜ್ ಎಂದು ಹುದುಗಿಸಿದ ಕುದುರೆ ಹಾಲನ್ನು ಪ್ರೀತಿಯಿಂದ ಮುಂದಿಡುತ್ತಾರೆ. ಅದರಲ್ಲಿ ಸ್ವಲ್ಪ ಮದ್ಯದ ಅಂಶ ಇರುತ್ತದೆ. ಬೈಕ್ ಹತ್ತುವ ಮುಂಚೆ ಬೇಡ. ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ನಿರಾಕರಿಸಿದರೆ ಯಾರೂ ಬೇಸರಿಸುವುದಿಲ್ಲ.

ನಾನು ವಿದ್ಯಾರ್ಥಿನಿ. ವಿಯೆಟ್ನಾಂನ ಹಾ ಜಿಯಾಂಗ್ ಬೆಟ್ಟದಾರಿಗೆ ಹೋಗುವ ಆಸೆ. ನನ್ನ ಬಳಿ ಸ್ಕೂಟರ್ ಲೈಸೆನ್ಸ್ ಮಾತ್ರ ಇದೆ. — ಬೀದರ್

ಹೋಗಮ್ಮ, ಆದರೆ ಹಿಂದಿನ ಸೀಟಿನಲ್ಲಿ. ವಿಯೆಟ್ನಾಂ ಸೇರಿರುವುದು 1968ರ ವಿಯೆನ್ನಾ ಒಪ್ಪಂದಕ್ಕೆ. ನಮ್ಮ 1949ರ ಪರವಾನಗಿ ಅಲ್ಲಿ ನಡೆಯುವುದಿಲ್ಲ. ಬಾಡಿಗೆ ಅಂಗಡಿಯವರು ಏನೂ ಕೇಳದೆ ಬೈಕ್ ಕೊಡುತ್ತಾರೆ, ಅಪಘಾತವಾದರೆ ವಿಮೆ ಸಿಗುವುದಿಲ್ಲ. ಸ್ಥಳೀಯ ಚಾಲಕರ ಹಿಂದೆ ಕುಳಿತು ಹೋಗುವ ಏರ್ಪಾಡು ಅಲ್ಲಿ ಸಾಮಾನ್ಯ, ಬೆಟ್ಟವೂ ಚೆನ್ನಾಗಿ ಕಾಣುತ್ತದೆ.

ನಾನು ಆಳಂದದ ನಿವೃತ್ತ ಶಿಕ್ಷಕ, ವಯಸ್ಸು 62. ಬಿ.ಪಿ., ಸಕ್ಕರೆ ಕಾಯಿಲೆ ಎರಡಕ್ಕೂ ಮಾತ್ರೆ ನುಂಗುತ್ತೇನೆ. ಹದಿನೈದನೇ ಶತಮಾನದಲ್ಲಿ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಕುದುರೆ ತಂದು ಬೀದರಿನಲ್ಲಿ ಮಾರಿದ ಕಥೆಯನ್ನು ಮಕ್ಕಳಿಗೆ ಹೇಳುತ್ತಿದ್ದೆ. ಆ ಕಡೆಯ ಕುದುರೆಗಳ ನಾಡನ್ನು ಬೈಕ್ ಮೇಲೆ ನೋಡುವ ಆಸೆ. ನನ್ನಿಂದ ಸಾಧ್ಯವೇ?

ಸಾಧ್ಯ, ಗುರುಗಳೇ. ನಿರ್ಧಾರ ಹೇಳಬೇಕಾದವರು ನಾನಲ್ಲ, ನಿಮ್ಮ ವೈದ್ಯರು. ಸುಮ್ಮನೆ 'ಪ್ರವಾಸ ಹೋಗುತ್ತೇನೆ' ಎನ್ನಬೇಡಿ. '3,000 ಮೀಟರ್ ಎತ್ತರದಲ್ಲಿ ಮಲಗುತ್ತೇನೆ, ದಿನಕ್ಕೆ ಐದಾರು ಗಂಟೆ ಬೈಕ್ ಓಡಿಸುತ್ತೇನೆ' ಎಂದು ಬಿಡಿಸಿ ಹೇಳಿ ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ಕಲಬುರಗಿ ಇರುವುದು 454 ಮೀಟರ್ ಎತ್ತರದಲ್ಲಿ, ಆಳಂದವೂ ಎತ್ತರದ ಊರೇನಲ್ಲ. ನಮ್ಮ ಮೈಗೆ ತೆಳುಗಾಳಿಯ ಪರಿಚಯವೇ ಇಲ್ಲ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾಗಬಹುದು. ಎತ್ತರದ ಕಾಯಿಲೆ ಬಾರದಂತೆ ಅಸೆಟಜೋಲಮೈಡ್ ಮಾತ್ರೆ ಕೊಡುತ್ತಾರೆ. ಅದನ್ನು ಎಲ್ಲರೂ ನುಂಗುವಂತಿಲ್ಲ. ಸಲ್ಫಾ ಔಷಧ ನಿಮಗೆ ಒಗ್ಗದಿದ್ದರೆ ಮೊದಲೇ ತಿಳಿಸಿ, ಈಗಿನ ಮಾತ್ರೆಗಳ ಜೊತೆ ಹೊಂದುತ್ತದೆಯೇ ಕೇಳಿ. ತಲೆನೋವು ಇರುವಾಗ ಇನ್ನೂ ಮೇಲೆ ಹತ್ತಬಾರದು. ಜಾಸ್ತಿಯಾದರೆ ರಾತ್ರಿಯೇ ಆದರೂ ಕೆಳಗಿಳಿಯಬೇಕು. ಸಂಕೋಚದಿಂದ ಬಚ್ಚಿಟ್ಟುಕೊಂಡವರನ್ನೇ ಮುಂದೆ ಎತ್ತಿಕೊಂಡು ಇಳಿಸಬೇಕಾಗುತ್ತದೆ. ಗೈಡ್‌ಗೆ ಮೊದಲ ದಿನವೇ ನಿಮ್ಮ ಕಾಯಿಲೆಗಳನ್ನು ತಿಳಿಸಿ.

ಪ್ರವಾಸಗಳಲ್ಲಿ ಒಂದನ್ನು ಆರಿಸುವಾಗ ಮೊದಲ ಎರಡು ರಾತ್ರಿ ಇಸ್ಸಿಕ್‌ಕುಲ್ ದಡದಲ್ಲಿ ಇಡುವ ಕಾರ್ಯಕ್ರಮವನ್ನೇ ಆರಿಸಿ. ಆ ಸರೋವರ 1,607 ಮೀಟರ್‌ನಲ್ಲಿದೆ, ಮೈ ಹೊಂದಿಕೊಳ್ಳಲು ಒಳ್ಳೆಯ ಮೆಟ್ಟಿಲು. ಬಿಶ್ಕೆಕ್‌ನಿಂದ ಮೊದಲ ದಿನವೇ ಸೋನ್‌ಕುಲ್‌ಗೆ ಹತ್ತಿಸುವ ಕಾರ್ಯಕ್ರಮ ನಿಮಗೆ ಬೇಡ. ಹಿಂದಿನ ಗಾಡಿಯಲ್ಲಿ ಒಂದು ಸೀಟು ನಿಮಗಾಗಿ ಖಾಲಿ ಇರುತ್ತದೆಯೇ ಎಂದು ಕೇಳಿ. ದಣಿದ ದಿನ ಅದರಲ್ಲಿ ಕುಳಿತರೆ ಮರುದಿನ ಮತ್ತೆ ಬೈಕ್ ಹತ್ತಬಹುದು. ಮಾತ್ರೆಗಳನ್ನು ಎರಡು ಪಾಲು ಮಾಡಿ, ಒಂದನ್ನು ಮೈಮೇಲಿನ ಜೇಬಿನಲ್ಲಿ, ಇನ್ನೊಂದನ್ನು ಗಾಡಿಯ ಚೀಲದಲ್ಲಿ ಇಡಿ. ಔಷಧದ ಮೂಲ ಹೆಸರುಗಳಿರುವ ವೈದ್ಯರ ಚೀಟಿ, ಇನ್ನೊಂದು ಕನ್ನಡಕ ಜೊತೆಗಿರಲಿ. ಹೊರಡುವ ಮುನ್ನ ಒಂದು ಭಾನುವಾರ ಕಲಬುರಗಿಗೆ ಬನ್ನಿ, ಬೈಕ್ ಎತ್ತುವುದನ್ನು ನಾನೇ ತೋರಿಸಿಕೊಡುತ್ತೇನೆ.